ಕಾಲರ್ ಅಕ್ಕಯ್ಯಮ್ಮ ತೀರಿಸಿಕೊಂಡ ಸೇಡು

ನಾಯಂಡಹಳ್ಳಿಯಲ್ಲಿ ಅಕ್ಕಯ್ಯಮ್ಮ ಎಂಬ ಹೆಸರಿನವರು ನಾಲ್ಕು ಜನ ಇದ್ದರು. ಬರೀ ಅಕ್ಕಯ್ಯಮ್ಮ ಎಂದರೆ ಯಾರೂ ಮನೆ ತೋರಿಸುತ್ತಿರಲಿಲ್ಲ. ಕಾಲರ್ ಅಕ್ಕಯ್ಯಮ್ಮ ಎಂದರೆ ಮಾತ್ರ ಬೀದಿಯಲ್ಲಿ ಆಡುವ ಮಕ್ಕಳೂ ಕೈ ಹಿಡಿದು ಕರೆದುಕೊಂಡು ಹೋಗಿ ಬಾಗಿಲಲ್ಲಿ ಬಿಟ್ಟು ಬರುತ್ತಿದ್ದವು. ಮೈಸೂರು ರಸ್ತೆಯ ಪಕ್ಕದಲ್ಲಿದ್ದ ಶರಟಿನ ಫ್ಯಾಕ್ಟರಿಯಲ್ಲಿ ಆರು ವರ್ಷ ಕಾಲರ್ ಹೊಲಿದು ಅವಳು ಸಂಪಾದಿಸಿದ ಹೆಸರು ಅದು. ಶರಟಿನಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ ಕಾಲರು. ತೋಳಿನ ಹೊಲಿಗೆ ಒಂದಿಷ್ಟು ಸೊಟ್ಟಗಾದರೆ ಯಾರೂ ನೋಡುವುದಿಲ್ಲ. ಕಾಲರಿನ ಎರಡು ಮೂಲೆಗಳಲ್ಲಿ ನೂಲಿನಷ್ಟು ಹೆಚ್ಚುಕಮ್ಮಿಯಾದರೂ ಹಾಕಿಕೊಂಡವನ ಮೋರೆಯೇ ಸೊಟ್ಟಗೆ ಕಾಣುತ್ತದೆ. ಅಕ್ಕಯ್ಯಮ್ಮ ಟೇಪು ಮುಟ್ಟದೆ, ಗುರುತು ಹಾಕದೆ, ದಿನಕ್ಕೆ ಇನ್ನೂರು ಕಾಲರ್ ತಿರುವಿ ಹಾಕುತ್ತಿದ್ದಳು. ಎರಡು ಮೂಲೆಗಳನ್ನು ಒಂದರ ಮೇಲೊಂದು ಮಡಚಿದರೆ ಕೂದಲು ಹೋಗುವಷ್ಟೂ ವ್ಯತ್ಯಾಸ ಇರುತ್ತಿರಲಿಲ್ಲ.

ಅವಳಿಗೆ ಇನ್ನೊಂದು ವಿಷಯದಲ್ಲೂ ಹೆಸರಿತ್ತು. ತನಗೆ ಮಾಡಿದ ಅನ್ಯಾಯವನ್ನು ಅವಳು ಮರೆಯುತ್ತಿರಲಿಲ್ಲ. ಹಿಟ್ಟಿನ ಗಿರಣಿಯವನು ಒಮ್ಮೆ ಅವಳ ರಾಗಿಯಲ್ಲಿ ಒಂದು ಪಾವು ಕಡಿಮೆ ಕೊಟ್ಟ. ಕೇಳಿದರೆ, ‘ನಿನ್ನ ರಾಗೀಲೇ ಹೊಟ್ಟು ಜಾಸ್ತಿ’ ಎಂದ. ಅಂದಿನಿಂದ ಅವಳು ರಾಗಿಯನ್ನು ತಲೆಯ ಮೇಲೆ ಹೊತ್ತು ವಿಜಯನಗರದ ಗಿರಣಿಗೆ ನಡೆದಳು. ಹೋಗುವಾಗ ಬೇಕೆಂದೇ ಇವನ ಗಿರಣಿಯ ಮುಂದೆ ನಿಧಾನ ಮಾಡುತ್ತಿದ್ದಳು. ಹಾಗೆ ಆರು ವರ್ಷ. ಕಾಲು ನೋಯುತ್ತಿದ್ದದ್ದು ಅವಳಿಗೇ, ಆದರೂ ಅವನ ಮುಖ ಸಣ್ಣಗಾಗುವುದನ್ನು ನೋಡಿದರೆ ನೋವು ಗೊತ್ತಾಗುವುದಿಲ್ಲ ಎನ್ನುತ್ತಿದ್ದಳು. ಇಂಥ ಹೆಂಗಸಿಗೆ ಮೋಸ ಮಾಡಲು ಧೈರ್ಯ ಬೇಕು. ಆ ಧೈರ್ಯ ಪಂಚಾಕ್ಷರಿಗಿತ್ತು.

ಪಂಚಾಕ್ಷರಿ ಫ್ಯಾಕ್ಟರಿಯ ಮ್ಯಾನೇಜರು. ಹೊರಗಿನವನಲ್ಲ, ಎರಡು ಬೀದಿ ಆಚೆಯವನು. ಬಟ್ಟೆ ಕತ್ತರಿಸುವ ಕೆಲಸಕ್ಕೆ ಸೇರಿ, ಮೇಲೆ ಬಂದು, ಪ್ಯಾಂಟಿಗೆ ಬೆಲ್ಟು ಕಟ್ಟುವ ಮಟ್ಟ ಮುಟ್ಟಿದ್ದ. ಮಾಲೀಕರು ಎಂ.ಡಿ. ಸಾಹೇಬರು ತಿಂಗಳಿಗೊಮ್ಮೆ ಕಾರಿನಲ್ಲಿ ಬಂದು ಹೋಗುತ್ತಿದ್ದರು, ಅವರಿಗೆ ಹೆಂಗಸರ ಹೆಸರು ಗೊತ್ತಿರಲಿಲ್ಲ. ಪಂಚಾಕ್ಷರಿಗೆ ಎಲ್ಲರ ಹೆಸರೂ, ಎಲ್ಲರ ಮಕ್ಕಳ ಹೆಸರೂ ಗೊತ್ತಿತ್ತು. ಹೆಂಗಸರು ಅವನನ್ನು ಪಂಚಾಕ್ಷರಣ್ಣ ಎನ್ನುತ್ತಿದ್ದರು. ಕೆಲಸಕ್ಕೆ ಜನ ಬೇಕಾದಾಗ ಅವನು ಬೋರ್ಡು ಹಾಕುತ್ತಿರಲಿಲ್ಲ, ಅಕ್ಕಯ್ಯಮ್ಮನಿಗೆ ಒಂದು ಮಾತು ಹೇಳುತ್ತಿದ್ದ. ಅವಳು ಬೀದಿ ನಲ್ಲಿಯ ಹತ್ತಿರ ನಿಂತು, ‘ನಾಳೆಯಿಂದ ಬನ್ರೇ’ ಎಂದರೆ ಸಾಕಾಗುತ್ತಿತ್ತು. ಗಂಡಂದಿರು ಗೊಣಗಿದರೆ, ‘ಅಕ್ಕಯ್ಯಮ್ಮ ಇದಾಳಲ್ಲ’ ಎಂಬ ಮಾತು ಅವರ ಬಾಯಿ ಮುಚ್ಚಿಸುತ್ತಿತ್ತು. ಹೀಗೆ ಆ ಫ್ಯಾಕ್ಟರಿಯಲ್ಲಿ ನಲವತ್ತು ಹೆಂಗಸರು ಅವಳ ಬಾಯಿಮಾತಿನ ಮೇಲೆ ಬಂದು ಕೂತವರಾಗಿದ್ದರು. ಅವರಲ್ಲಿ ಮೊದಲು ಬಂದವಳು ಎದುರುಮನೆಯ ಶಿವಗಂಗಮ್ಮ. ಅಕ್ಕಯ್ಯಮ್ಮ ಕಾಲರ್ ಮಾಡಿಕೊಟ್ಟರೆ ಅದನ್ನು ಶರಟಿಗೆ ಕೂಡಿಸುತ್ತಿದ್ದವಳು ಅವಳೇ. ಇಬ್ಬರ ಮಿಷನ್ನುಗಳೂ ಅಕ್ಕಪಕ್ಕ ಇದ್ದವು.

ಎಂಬತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಶೆಡ್ಡಿನ ತಗಡು ಕಾದು ಹೆಂಗಸರು ತಲೆ ಸುತ್ತಿ ಬೀಳತೊಡಗಿದಾಗ ಅಕ್ಕಯ್ಯಮ್ಮ ಎಲ್ಲರ ಪರವಾಗಿ ಎರಡು ಫ್ಯಾನು ಕೇಳಿದಳು. ನೋಡೋಣ ಎಂದ ಪಂಚಾಕ್ಷರಿ. ಫ್ಯಾನು ಬರಲಿಲ್ಲ. ಅದರ ಬದಲು ಮಳೆಗಾಲದಲ್ಲಿ ಇಬ್ಬರು ಹೆಂಗಸರು ಬಂದರು. ನಮ್ಮ ಕಡೆಯವರಲ್ಲ, ಕನ್ನಡ ಬರುತ್ತಿರಲಿಲ್ಲ. ‘ನಮ್ ಕಂಪನಿಯ ಇನ್ನೊಂದು ಬ್ರಾಂಚಿನೋರು, ಒಂದು ತಿಂಗಳು ಇರ್ತಾರೆ, ನಿನ್ ಕೈಕೆಲಸ ಕಲಿಸ್ಕೊಡು’ ಎಂದ ಪಂಚಾಕ್ಷರಿ. ಅಕ್ಕಯ್ಯಮ್ಮನಿಗೆ ಹೆಮ್ಮೆಯಾಯಿತು. ಕೈ ಹಿಡಿದು ಕಲಿಸಿದಳು. ಮೂಲೆ ತಿರುವುವಾಗ ಸೂಜಿಯನ್ನು ಬಟ್ಟೆಯಲ್ಲೇ ನಿಲ್ಲಿಸಿ ಉಸಿರು ಬಿಗಿಹಿಡಿಯುವುದನ್ನೂ ತೋರಿಸಿದಳು. ಮನೆಗೆ ಕರೆದು ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಅವರಿಬ್ಬರೂ ಮುದ್ದೆಯನ್ನು ಅಗಿದು ನುಂಗಲು ಒದ್ದಾಡಿದ್ದು ನೋಡಿ ಬೀದಿಯೆಲ್ಲ ನಕ್ಕಿತು. ಅವರು ಕಠ್ಮಂಡುವಿನವರು ಎಂಬುದು ತಿಳಿಯುವ ಹೊತ್ತಿಗೆ ನಗುವುದಕ್ಕೆ ಏನೂ ಉಳಿದಿರಲಿಲ್ಲ.

ಆ ವರ್ಷ ಆಯುಧಪೂಜೆ ವಾರದ ನಡುವೆ ಬಂದಿತ್ತು. ಪೂಜೆಗೆ ಮುಂಚೆ ಮಿಷನ್ನು ಶುಚಿ ಮಾಡುವುದು ಪ್ರತಿ ವರ್ಷದ ಪದ್ಧತಿ. ಈ ಸಲ ಪಂಚಾಕ್ಷರಿ ಖುದ್ದಾಗಿ ನಿಂತು ಹೇಳಿದ. ಸೂಜಿ ಬಿಚ್ಚಿ ಡಬ್ಬಿಗೆ ಹಾಕಿ. ಬಾಬಿನ್ನುಗಳನ್ನು ಬಟ್ಟೆಯಲ್ಲಿ ಕಟ್ಟಿ. ಮೋಟರಿನಿಂದ ಬೆಲ್ಟು ಕಳಚಿ. ಒಳಗೆಲ್ಲ ಎಣ್ಣೆ ಬಿಡಿ.

“ಬೆಲ್ಟ್ ಯಾಕಣ್ಣ ಕಳಚೋದು?” ಎಂದು ಕೇಳಿದಳು ಅಕ್ಕಯ್ಯಮ್ಮ.

“ಹಬ್ಬ ಕಳೀಲಿ, ಎಲ್ಲಾದಕ್ಕೂ ಹೊಸಾದು ಹಾಕಿಸ್ತೀನಿ.”

ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ಹೆಂಗಸರ ಹಿಂದೆ ಬಿದ್ದು ಕೆಲಸ ತೆಗೆದಳು. ಶಿವಗಂಗಮ್ಮ ಬೇಗ ಮುಗಿಸಿ ಎದ್ದಾಗ, ‘ಇದೇನೇ ತೊಳೆಯೋದು? ಮಗೂಗೆ ಎಣ್ಣೆ ಹಚ್ಚಿ ನೀರು ಹಾಕ್ದಂಗೆ ಇರ್ಬೇಕು. ಕೂತ್ಕೊ’ ಎಂದು ಗದರಿ ಮತ್ತೆ ಕೂರಿಸಿದಳು. ಮಾರನೆಯ ದಿನ ಬಾಳೆಕಂಬ ಕಟ್ಟಿದರು. ಪ್ರತಿ ಮಿಷನ್ನಿಗೂ ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿದರು. ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದರು. ಮಂಗಳಾರತಿ ತಟ್ಟೆ ಹಿಡಿದವನು ಪಂಚಾಕ್ಷರಿಯೇ. ಕಡಲೆಪುರಿಯ ಪೊಟ್ಟಣ ಕೊಡುತ್ತಾ, ‘ಶುಕ್ರವಾರ, ಶನಿವಾರಾನೂ ರಜಾ ತಗೊಳ್ಳಿ, ಸೋಮವಾರ ಬನ್ನಿ’ ಎಂದ. ಪೂಜೆಗೆ ಕೂತ ಮಿಷನ್ನನ್ನು ಹಬ್ಬ ಕಳೆಯುವ ತನಕ ಯಾರೂ ಮುಟ್ಟುವುದಿಲ್ಲ, ಫ್ಯಾಕ್ಟರಿ ಕಡೆ ತಲೆ ಹಾಕುವುದೂ ಇಲ್ಲ. ಮುಟ್ಟಿದರೆ ದೇವರು ಮುನಿಯುತ್ತಾನೆ ಎಂಬ ಭಯ. ಅದು ಪಂಚಾಕ್ಷರಿಗೂ ಗೊತ್ತಿತ್ತು, ಅವನೂ ಅದೇ ಪೂಜೆ ಮಾಡಿಕೊಂಡು ಬೆಳೆದವನು.

ಸೋಮವಾರ ನಲವತ್ತು ಜನ ಬುತ್ತಿ ಹಿಡಿದು ಹೋದರೆ ಗೇಟಿಗೆ ಬೀಗ. ಕಿಟಕಿಯ ಸಂದಿಯಲ್ಲಿ ಇಣುಕಿದರೆ ಒಳಗೆ ಮಿಷನ್ನೇ ಇಲ್ಲ. ನೆಲದ ಮೇಲೆ ಸಾಲುಸಾಲಾಗಿ ಎಣ್ಣೆಯ ಕಲೆ, ಬಾಡಿದ ಸೇವಂತಿಗೆ. ಕಾವಲಿನ ಮುದುಕ, ಶುಕ್ರವಾರವೇ ಲಾರಿ ತುಂಬಿತು, ಎಲ್ಲ ನೇಪಾಳಕ್ಕೆ ಹೋಯಿತು ಎಂದ. ಪಂಚಾಕ್ಷರಿಯೂ ಜೊತೆಗೇ ಕಂಬಿ ಕಿತ್ತಿದ್ದ. ದೂರದ ದಾರಿಗೆ ಮಿಷನ್ನು ಹೇಗೆ ಕಟ್ಟಬೇಕೋ ಹಾಗೆ ಹೆಂಗಸರ ಕೈಯಲ್ಲೇ ಕಟ್ಟಿಸಿಕೊಂಡು, ಅದಕ್ಕೆ ಪೂಜೆಯೆಂದು ಹೆಸರಿಟ್ಟು, ನಾಲ್ಕು ದಿನ ಯಾರೂ ಹತ್ತಿರ ಸುಳಿಯದ ಹಾಗೆ ದೇವರನ್ನೇ ಕಾವಲಿಗೆ ನಿಲ್ಲಿಸಿ ಹೋಗಿದ್ದ. ಕಳ್ಳರು ರಾತ್ರಿ ಗೋಡೆ ಕೊರೆಯುತ್ತಾರೆ, ಅವರಿಗೆ ಅಷ್ಟಾದರೂ ನಾಚಿಕೆ ಇರುತ್ತದೆ. ಈ ಬೋಳಿಮಗ ಕೈಗೆ ಕಡಲೆಪುರಿ ಕೊಟ್ಟು ಹೋದ.

ಮಾರನೆಯ ಬೆಳಿಗ್ಗೆ ಬೀದಿ ನಲ್ಲಿಯ ಹತ್ತಿರ ಶಿವಗಂಗಮ್ಮ ಕೊಡ ಕೆಳಗಿಟ್ಟು ಎಲ್ಲರ ಎದುರಿಗೇ ಕೇಳಿದಳು.

“ನಿಂಗೆ ಗೊತ್ತಿತ್ತು ಅಲ್ವೇನೇ?”

“ನಿನ್ನಾಣೆ ಇಲ್ಲ ಕಣೇ, ಗಂಗಮ್ಮ.”

“ನೀನು ತೊಳಿ ಅಂದೆ, ತೊಳ್ದೆ. ಸಾಲ್ದು ಅಂದೆ, ಇನ್ನೊಂದ್ಸಲ ತೊಳ್ದೆ. ಲಾರಿಗೆ ಹಾಕೋಕೆ ನನ್ ಕೈಲೇ ಕಟ್ಟಿಸ್ದೆ.”

ಉಳಿದವರು ಕೊಡ ಎತ್ತಿಕೊಂಡು ಹೋದರು. ‘ಫ್ಯಾನ್ ಕೇಳಿ ತಲೆ ಮೇಲೆ ಕಲ್ಲು ಹಾಕಿದ್ಲು’ ಎಂಬ ಮಾತು ಆ ವಾರದಲ್ಲೇ ಹುಟ್ಟಿತು. ಅಕ್ಕಯ್ಯಮ್ಮನ ಬಾಯಿಮಾತಿಗೆ ಊರಲ್ಲಿ ಇದ್ದ ಬೆಲೆ ಒಂದೇ ವಾರದಲ್ಲಿ ಮಣ್ಣುಪಾಲಾಯಿತು. ಆಮೇಲೆ ಮೂರು ವರ್ಷ ಅವಳು ಮನೆಯಲ್ಲೇ ಹಳೆಯ ತುಳಿಯುವ ಮಿಷನ್ನಿನಲ್ಲಿ ರವಿಕೆ, ಲಂಗ ಹೊಲಿದಳು. ಶಿವಗಂಗಮ್ಮ ಊದುಬತ್ತಿ ಹೊಸೆಯುವ ಕೆಲಸಕ್ಕೆ ಬಿದ್ದಳು. ಇದ್ದಿಲು ಪುಡಿಗೆ ಅವಳ ಅಂಗೈ ಕಪ್ಪಾಯಿತು, ಚಳಿಗಾಲ ಬಂತೆಂದರೆ ಕೆಮ್ಮು. ಎದುರುಮನೆಯಿಂದ ಆ ಕೆಮ್ಮು ಕೇಳಿದಾಗೆಲ್ಲ ಅಕ್ಕಯ್ಯಮ್ಮ ಹಲ್ಲು ಕಡಿಯುತ್ತಿದ್ದಳು. ಶಿವಗಂಗಮ್ಮನ ಮೇಲಲ್ಲ. ಒಂದಲ್ಲ ಒಂದು ದಿನ ಪಂಚಾಕ್ಷರಿಯನ್ನು ಬೀದಿಯಲ್ಲಿ ನಿಲ್ಲಿಸುತ್ತೇನೆ, ಆಗ ಶಿವಗಂಗಮ್ಮ ತಾನಾಗಿ ಬಂದು ಮಾತಾಡುತ್ತಾಳೆ ಎಂದು ಅವಳು ನಂಬಿದ್ದಳು. ಆ ನಂಬಿಕೆಯ ಮೇಲೇ ಬದುಕಿದ್ದಳು ಎಂದರೂ ತಪ್ಪಿಲ್ಲ.

ಎಂಬತ್ತೇಳರ ಶ್ರಾವಣದಲ್ಲಿ ಪಂಚಾಕ್ಷರಿ ಅವಳ ಮನೆ ಬಾಗಿಲಿಗೆ ಬಂದ. ಕೈಯಲ್ಲಿ ಸೇಬಿನ ಪೊಟ್ಟಣ. ತಲೆಕೂದಲು ಅರ್ಧ ಹೋಗಿತ್ತು. ಮೊದಲೆಲ್ಲ ಅವಳಿಗೆ ನೀನು ಎನ್ನುತ್ತಿದ್ದವನು ಈಗ ‘ಚೆನ್ನಾಗಿದೀರಾ ಅಕ್ಕಯ್ಯಮ್ಮೋರೇ?’ ಎಂದ. ಮೂರು ವರ್ಷ ಅವಳು ಮನಸ್ಸಿನಲ್ಲಿ ಬೈಗುಳ ಜೋಡಿಸಿಟ್ಟುಕೊಂಡಿದ್ದಳು. ಒಂದೂ ಹೊರಗೆ ಬರಲಿಲ್ಲ. ಜಗಲಿಯ ಮೇಲೆ ಚಾಪೆ ಹಾಕಿದಳು, ನೀರು ಕೊಟ್ಟಳು.

“ಫ್ಯಾಕ್ಟರಿ ವಾಪಸ್ ಬರ್ತಾ ಇದೆ. ಕೆಂಗೇರೀಲಿ ಹೊಸ ಶೆಡ್ಡು. ಹೆಸರೂ ಹೊಸಾದು” ಎಂದ.

“ಮೊದ್ಲು ಹೋಗಿದ್ದು ಯಾಕೆ, ಅದು ಹೇಳಿ.”

“ಕೋಟಾ ಅಕ್ಕಯ್ಯಮ್ಮೋರೇ. ಇಂಡಿಯಾದಿಂದ ವರ್ಷಕ್ಕೆ ಇಷ್ಟೇ ಶರಟು ತಗೊಳ್ತೀವಿ ಅಂತ ಅಮೆರಿಕದೋರು ಮಿತಿ ಹಾಕಿದಾರೆ. ಆ ವರ್ಷ ನಮ್ ಪಾಲು ಆಷಾಢಕ್ಕೇ ಮುಗ್ದೋಯ್ತು. ಆರ್ಡರ್ ಇದೆ, ಕಳ್ಸೋಹಂಗಿಲ್ಲ. ನೇಪಾಳಕ್ಕೆ ಆವಾಗ ಮಿತಿ ಇರ್ಲಿಲ್ಲ. ಅದೇ ಬಟ್ಟೆ, ಅದೇ ದಾರ, ಅದೇ ಮಿಷನ್ನು. ಅಲ್ಲಿ ಹೊಲಿದ್ರೆ ಅದು ನೇಪಾಳದ ಶರಟು. ಎಷ್ಟು ಬೇಕಾದ್ರೂ ಹೋಗುತ್ತೆ.”

“ಮತ್ತೆ ಈಗ ಬಂದಿದ್ದು?”

“ನಮ್ಮಂಗೇ ಎಷ್ಟೋ ಕಂಪನಿ ಹೋಗಿ ಕೂತ್ವು. ಅಮೆರಿಕದೋರು ನೋಡಿದ್ರು, ಅಲ್ಲಿಗೂ ಮಿತಿ ಹಾಕಿದ್ರು. ಇನ್ನೇನಿದೆ ಅಲ್ಲಿ? ದಾರ ಬಾಂಬೆಯಿಂದ ಬರ್ಬೇಕು, ಗುಂಡಿ ಡೆಲ್ಲಿಯಿಂದ ಬರ್ಬೇಕು. ಒಂದ್ಸಲ ಗುಂಡಿ ತುಂಬಿದ್ ಲಾರಿ ಗಡೀಲಿ ಹತ್ತೊಂಬತ್ತು ದಿನ ನಿಂತ್ಕೊಂಡ್ತು. ಚಳಿಗಾಲದ ಶರಟು ಬೇಸಿಗೇಲಿ ಅಂಗಡಿ ಸೇರ್ತು. ಅಲ್ಲೀ ಹೆಂಗಸ್ರು ಪಾಪ ಒಳ್ಳೇವ್ರು, ಕಲೀತಾ ಇದ್ರು. ಕಲಿಯೋವರ್ಗೂ ಕಾಯೋ ಪುರಸೊತ್ತು ನಮಗಿಲ್ಲ. ನೀವು ಇನ್ನೂರು ಕಾಲರ್ ಮಾಡೋ ಹೊತ್ನಲ್ಲಿ ಅಲ್ಲಿ ಎಂಬತ್ತು ಆಗೋದು.”

ಅಕ್ಕಯ್ಯಮ್ಮ ಮೂರು ವರ್ಷದಿಂದ ಎದೆಯಲ್ಲಿ ಮುಳ್ಳಿನಂತೆ ಇದ್ದದ್ದನ್ನು ಕೇಳಿದಳು.

“ಹಂಗಾದ್ರೆ ಫ್ಯಾನ್ ಕೇಳಿದ್ದಕ್ಕೆ ಅಲ್ವಾ?”

“ಫ್ಯಾನಾ?” ಅವನು ನಕ್ಕೇಬಿಟ್ಟ. “ಅದು ಎಂ.ಡಿ. ಸಾಹೇಬ್ರಿಗೆ ಗೊತ್ತೇ ಇಲ್ಲ. ನಾನು ಹೇಳೇ ಇರ್ಲಿಲ್ಲ.”

ಹೆಂಗಸರ ತಪ್ಪಿನಿಂದ ಫ್ಯಾಕ್ಟರಿ ಹೋಗಿದ್ದರೆ ಹೇಗೋ ಸಹಿಸಬಹುದಿತ್ತು. ಕೂಲಿ ಹೆಚ್ಚಾಯಿತೆಂದೋ, ಕೆಲಸ ಕೆಟ್ಟಿತೆಂದೋ, ಬಾಯಿ ಜೋರಾಯಿತೆಂದೋ ಹೋಗಿದ್ದರೆ ಜಗಳಕ್ಕೊಂದು ಬುಡ ಇರುತ್ತಿತ್ತು. ಯಾವುದೋ ದೇಶದ ಕಾಗದದಲ್ಲಿ ಒಂದು ಅಂಕಿ ತುಂಬಿತೆಂದು ಹೋದರು, ಇನ್ನೊಂದು ಅಂಕಿ ತುಂಬಿತೆಂದು ಬಂದರು. ನಡುವೆ ಇವಳ ಮಾತು ಹೋಯಿತು, ಶಿವಗಂಗಮ್ಮನ ಎದೆ ಹೋಯಿತು, ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು, “ನನ್ನಿಂದ ಏನಾಗ್ಬೇಕು?” ಎಂದಳು.

ಆಗಬೇಕಾದದ್ದು ಇಷ್ಟು. ಮುಂದಿನ ಬುಧವಾರ ಅಮೆರಿಕದ ಅಂಗಡಿಯವರ ಕಡೆಯ ಒಬ್ಬ ಸಾಹೇಬ ಕೆಂಗೇರಿಯ ಶೆಡ್ಡಿಗೆ ಬರುತ್ತಾನೆ. ಸಾಲು ಪೂರ್ತಿ ಓಡುವುದನ್ನು ಕಣ್ಣಾರೆ ಕಂಡರೆ ಇಡೀ ವರ್ಷದ ಶರಟಿನ ಆರ್ಡರು. ಸೋಮವಾರ, ಮಂಗಳವಾರ ಎರಡು ದಿನ ಕೈ ಕೂಡಿದರೆ ಸಾಕು, ಹಳೆಯ ಹೆಂಗಸರಿಗೆ ಹೊಸದಾಗಿ ಕಲಿಸುವುದೇನಿದೆ? ನಲವತ್ತು ಜನ ಬಂದೇ ಬರುತ್ತಾರೆಂದು ಪಂಚಾಕ್ಷರಿ ಎಂ.ಡಿ.ಗೆ ಮಾತು ಕೊಟ್ಟುಬಿಟ್ಟಿದ್ದ. ಬೋರ್ಡು ಹಾಕುವಂತಿಲ್ಲ. ಹಾಕಿದರೆ ಹಳಬರಲ್ಲಿ ಯಾರಾದರೂ ಲೇಬರ್ ಆಫೀಸಿಗೆ ಹೋಗಿ, ಅಂದು ಹೇಳದೆ ಮುಚ್ಚಿದ ಕಂಪನಿಯೇ ಇದು ಎಂದು ಅರ್ಜಿ ಕೊಟ್ಟಾರು. ಎಲ್ಲವೂ ಗುಟ್ಟಾಗಿ, ಅಕ್ಕಯ್ಯಮ್ಮನ ಬಾಯಿಂದಲೇ ಆಗಬೇಕು. ಸೋಮವಾರ ಬೆಳಿಗ್ಗೆ ಎಂಟಕ್ಕೆ ನಾಯಂಡಹಳ್ಳಿ ಜಂಕ್ಷನ್ನಿಗೆ ಎರಡು ವ್ಯಾನು ಬರುತ್ತವೆ.

“ಜನ ಆಗದಿದ್ರೆ ನನ್ ಕೆಲ್ಸ ಹೋಗುತ್ತೆ ಅಕ್ಕಯ್ಯಮ್ಮೋರೇ. ನಿಮ್ಮನ್ನೇ ನಂಬಿದೀನಿ” ಎಂದ.

ಆ ಕಡೆಯ ಮಾತು ಅವಳಿಗೆ ಸಕ್ಕರೆ ತಿಂದಷ್ಟು ಸಿಹಿಯಾಯಿತು. “ಕರ್ಕೊಂಡ್ ಬರ್ತೀನಿ” ಎಂದಳು. ಒಬ್ಬೊಬ್ಬರ ಹೆಸರನ್ನೂ ಬೆರಳು ಮಡಚಿ ಎಣಿಸಿ ಹೇಳಿ, ಅವನ ಮುಖ ಅರಳುವುದನ್ನು ನೋಡಿದಳು. ಅವನು ಹೋದ ಮೇಲೆ ಸೇಬಿನ ಪೊಟ್ಟಣವನ್ನು ಬೀದಿಯ ಹಸುವಿನ ಮುಂದೆ ಸುರಿದಳು.

ಗಂಡ ಬೈರಯ್ಯ ಮರದ ಗೋಡೌನಿನಲ್ಲಿ ದಿಮ್ಮಿ ಹೊರುವವನು. ಮೆತ್ತಗಿನ ಮನುಷ್ಯ. ಜಗಳ ಎಂದರೆ ಎದ್ದು ಹೊರಗೆ ಹೋಗುತ್ತಿದ್ದ. ವಿಷಯ ಕೇಳಿ ಅವನು, “ಬ್ಯಾಡ ಅಂದ್ರೆ ಬ್ಯಾಡ ಅಂತ ಅವ್ನ ಮುಖಕ್ಕೇ ಹೇಳ್ಬೇಕಾಗಿತ್ತು. ಹೂಂ ಯಾಕಂದೆ?” ಎಂದ.

“ಬ್ಯಾಡ ಅಂದ್ರೆ ಬೇರೆಯವ್ರನ್ನ ಹುಡುಕ್ತಾನೆ. ಹೂಂ ಅಂದ್ರೆ ಕಾಯ್ತಾನೆ. ಅವ್ನು ಕಾಯ್ಬೇಕು.”

“ಇವ್ರಿಗೆಲ್ಲ ಹೇಳ್ತೀಯಾ?”

ಅವಳು ಎದ್ದು ಒಲೆ ಊದಲು ಹೋದಳು. ಹೇಳಿದರೆ ಕೆಲವರು ಹೊರಟೇಬಿಡುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ವಾರವೆಲ್ಲ ನಲ್ಲಿಯ ಹತ್ತಿರ ಅವಳು ಯಾರ ಕಣ್ಣಿಗೂ ಕಣ್ಣು ಕೊಡದೆ ನೀರು ಹಿಡಿದು ಬಂದಳು. ಪಂಚಾಕ್ಷರಿ ಗುರುವಾರ ಒಮ್ಮೆ, ಶನಿವಾರ ಒಮ್ಮೆ ಬಂದು, ‘ಎಲ್ಲಾ ಒಪ್ಪಿದ್ರಾ?’ ಎಂದು ವಿಚಾರಿಸಿದ. ಎರಡು ಸಲವೂ, ‘ಎಲ್ರೂ ತುದಿಗಾಲ್ಮೇಲೆ ನಿಂತಿದಾರೆ’ ಎಂದಳು. ಜೀವನದಲ್ಲಿ ಅಷ್ಟು ನಯವಾಗಿ ಅವಳು ಸುಳ್ಳು ಹೇಳಿದ್ದೇ ಇಲ್ಲ.

ಸೋಮವಾರ ಏಳೂವರೆಗೇ ತಲೆ ಬಾಚಿ, ಹೂ ಮುಡಿದು, ಹಸಿರು ಸೀರೆಯುಟ್ಟು ಜಂಕ್ಷನ್ನಿಗೆ ಹೋದಳು. ಮೈಸೂರು ರಸ್ತೆಯಲ್ಲಿ ಬಸ್ಸು, ಲಾರಿ, ಹಾಲಿನ ಸೈಕಲ್ಲು. ರಸ್ತೆಯ ಆಚೆ ಸೊಪ್ಪು ಮಾರುವವಳ ಪಕ್ಕ ನಿಂತಳು. ಸರಿಯಾಗಿ ಎಂಟಕ್ಕೆ ಎರಡು ಬಿಳಿ ವ್ಯಾನು ಬಂದವು. ಮುಂದಿನದರಿಂದ ಪಂಚಾಕ್ಷರಿ ಇಳಿದ. ಹೊಸ ಅಂಗಿ, ಹಣೆಗೆ ವಿಭೂತಿ. ಅಕ್ಕಯ್ಯಮ್ಮ ಒಂದು ಕಟ್ಟು ದಂಟು ತೆಗೆದುಕೊಂಡು ಎಲೆಎಲೆಯಾಗಿ ತಿರುಗಿಸಿ ನೋಡತೊಡಗಿದಳು. ಎಂಟೂಕಾಲಾಯಿತು. ಅವನು ಗಡಿಯಾರ ನೋಡಿಕೊಂಡ. ಎಂಟೂವರೆಗೆ ಊರೊಳಗಿನ ದಾರಿಯ ಕಡೆ ನಾಲ್ಕು ಹೆಜ್ಜೆ ಹೋಗಿ ಬಂದ. ಡ್ರೈವರುಗಳು ಬೀಡಿ ಹಚ್ಚಿದರು. ಒಂಬತ್ತಕ್ಕೆ ಅವನು ಕರವಸ್ತ್ರ ತೆಗೆದು ಕತ್ತು, ಹಣೆ ಒರೆಸಿಕೊಂಡ, ವಿಭೂತಿಯೂ ಅಳಿಸಿತು. ಅಕ್ಕಯ್ಯಮ್ಮ ಮೂರು ವರ್ಷದಲ್ಲಿ ಅಷ್ಟು ಚೆನ್ನಾಗಿ ಉಸಿರಾಡಿರಲಿಲ್ಲ. ಒಂಬತ್ತೂಕಾಲಿಗೆ ಅವನು ಅವಳನ್ನು ಕಂಡ. ಲಾರಿ ಬರುವುದನ್ನೂ ನೋಡದೆ ರಸ್ತೆ ದಾಟಿ ಓಡಿ ಬಂದ.

“ಎಲ್ಲಿ ಅಕ್ಕಯ್ಯಮ್ಮೋರೇ? ಎಲ್ಲಿ ಎಲ್ರೂ?”

“ಬಂದಿದ್ರಲ್ಲ ಪಂಚಾಕ್ಷರಣ್ಣ. ಮೂರು ವರ್ಷದ ಹಿಂದೆ, ಹಿಂಗೇ ಒಂದು ಸೋಮವಾರ. ಬುತ್ತಿ ತಗೊಂಡು ನಲವತ್ತು ಜನಾನೂ ಬಂದಿದ್ರು. ನೀವೇ ಇರ್ಲಿಲ್ಲ.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬೈಯಲಿಲ್ಲ, ಕೈ ಮುಗಿದ. “ನನಗೂ ಮಕ್ಕಳಿದಾವೆ” ಎಂದ. “ನಂಗೊತ್ತು. ಅವ್ರ ಹೆಸರೂ ಗೊತ್ತು” ಎಂದಳು ಅವಳು. ದಂಟಿನ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು, ಖಾಲಿ ವ್ಯಾನುಗಳ ಮುಂದೆಯೇ ಹಾದು, ಗಿರಣಿಯವನ ಮುಂದೆ ನಡೆಯುತ್ತಿದ್ದಳಲ್ಲ, ಅಷ್ಟೇ ನಿಧಾನವಾಗಿ ಮನೆಗೆ ಹೋದಳು.

ಆಮೇಲಿನದು ಅವಳಿಗೆ ವ್ಯಾನಿನ ಡ್ರೈವರೊಬ್ಬನ ಬಾಯಿಂದ ಗೊತ್ತಾಯಿತು. ಮಂಗಳವಾರ ಕೆಂಗೇರಿಯ ಶೆಡ್ಡಿನ ಗೇಟಿಗೆ ಅವಸರದಲ್ಲಿ ಬೋರ್ಡು ಹಾಕಿದರು, ಮಿಷನ್ನು ಕಂಡೇ ಇರದ ಹದಿನೈದು ಹುಡುಗಿಯರು ಬಂದರು. ಬುಧವಾರ ಅಮೆರಿಕದ ಕಡೆಯ ಸಾಹೇಬ ಬಂದು ಎರಡು ಕಾಲರ್ ಎತ್ತಿ ಮೂಲೆಗೆ ಮೂಲೆ ಮಡಚಿ ನೋಡಿ ಕೆಳಗಿಟ್ಟ. ಚಹಾ ಕೂಡ ಕುಡಿಯಲಿಲ್ಲ. ಆರ್ಡರು ಕೊಲಂಬೋದ ಒಂದು ಕಂಪನಿಗೆ ಹೋಯಿತು. ಎಂ.ಡಿ. ಮಿಷನ್ನುಗಳನ್ನೂ ಅವರಿಗೇ ಮಾರಿ ಕೈ ತೊಳೆದುಕೊಂಡರು. ತಿಂಗಳು ತುಂಬುವ ಮೊದಲೇ ಪಂಚಾಕ್ಷರಿಯ ಕೆಲಸ ಹೋಯಿತು. ಅವನು ರಾಜಾಜಿನಗರದಲ್ಲಿ ಶಾಲೆಯ ಯೂನಿಫಾರಂ ಮಾರುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸಲು ನಿಂತ. ಕೇಳಿದ್ದಷ್ಟೇ ಸಾಕಾಗಲಿಲ್ಲ ಅವಳಿಗೆ. ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋಗಿ, ಒಂದು ಮೀಟರು ಲೈನಿಂಗ್ ಬಟ್ಟೆ ಕೇಳಿ, ಅವನ ಕೈಯಲ್ಲೇ ಕತ್ತರಿಸಿ ಕೊಡಿಸಿಕೊಂಡು ಬಂದಳು. ಅವನು ತಲೆ ಎತ್ತಲಿಲ್ಲ.

ಇಷ್ಟಾದ ಮೇಲೆ ಶಿವಗಂಗಮ್ಮನಿಗೆ ಹೇಳುವ ದಿನ ಬಂತು. ದೀಪಾವಳಿ ಕಳೆದ ಒಂದು ಮಧ್ಯಾಹ್ನ ಅಕ್ಕಯ್ಯಮ್ಮ ಬೀದಿ ದಾಟಿ, ಮೂರು ವರ್ಷದಿಂದ ತುಳಿಯದ ಹೊಸ್ತಿಲು ತುಳಿದಳು. ಶಿವಗಂಗಮ್ಮ ಮಣೆಯ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದಳು. ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಅಕ್ಕಯ್ಯಮ್ಮ ತಾನಾಗಿ ಗೋಡೆಗೊರಗಿ ಕೂತು, ಸೇಬಿನಿಂದ ಹಿಡಿದು ಲೈನಿಂಗ್ ಬಟ್ಟೆಯ ತನಕ ಎಲ್ಲವನ್ನೂ ಹೇಳಿದಳು. ಫ್ಯಾನಿನ ವಿಷಯವನ್ನು ಎರಡು ಸಲ ಹೇಳಿದಳು. ಪಂಚಾಕ್ಷರಿ ಕತ್ತು ಒರೆಸಿಕೊಂಡದ್ದನ್ನು ಕೈಯಲ್ಲಿ ಮಾಡಿ ತೋರಿಸಿದಳು.

“ಬೀದೀಲಿ ನಿಲ್ಲಿಸ್ದೆ ಕಣೇ ಗಂಗಮ್ಮ. ನಿನ್ ಕಣ್ಣಿಗೆ ತೋರಿಸ್ಬೇಕಿತ್ತು. ನಮ್ಮೆಲ್ರ ಹೊಟ್ಟೆಉರೀನೂ ಒಂದೇ ದಿನ ತೀರಿಸ್ದೆ.”

ಶಿವಗಂಗಮ್ಮನ ಕೈ ನಿಂತಿತು. ಮುಖದಲ್ಲಿ ನಗು ಬರುವುದನ್ನು ಅಕ್ಕಯ್ಯಮ್ಮ ಕಾದಳು.

“ವ್ಯಾನು ನಮ್ ಜಂಕ್ಷನ್ನಿಗೇ ಬಂದಿತ್ತಾ?” ಎಂದಳು ಶಿವಗಂಗಮ್ಮ.

“ಹೂಂ ಮತ್ತೆ. ಎರಡು.”

“ವರ್ಷಪೂರ್ತಿ ಕೆಲ್ಸ ಇತ್ತಾ?”

“ಇತ್ತಂತೆ. ಈಗ ಎಲ್ಲಿ? ಕೊಲಂಬೋಕ್ಕೆ ಹೋಯ್ತು.” ಅಕ್ಕಯ್ಯಮ್ಮನ ದನಿಯಲ್ಲಿ ಇನ್ನೂ ಗೆಲುವು ಇತ್ತು.

“ನನ್ ಹೆಸ್ರೂ ಹೇಳಿದ್ಯಾ ಅವ್ನಿಗೆ?”

“ನಿಂದೇ ಮೊದ್ಲು ಹೇಳಿದ್ದು.”

ಶಿವಗಂಗಮ್ಮ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡಳು. ಕಪ್ಪು ಹೋಗಲಿಲ್ಲ. ಕೆಮ್ಮು ಬಂತು.

“ಅವತ್ತು ಅವ್ನು ನಮಗೆ ಹೇಳ್ದೆ ತಗೊಂಡು ಹೋದ” ಎಂದಳು. “ಇವತ್ತು ನೀನು.”

“ನಾನೇನು ತಗೊಂಡೆನೇ? ಅವ್ನಂಥ ಮೋಸಗಾರನ ಕೈಕೆಳಗೆ ಇನ್ನೊಂದ್ಸಲ…”

“ಬೇಕೋ ಬ್ಯಾಡ್ವೋ ನಾನು ಹೇಳ್ತಿದ್ದೆ. ನನ್ ಬಾಯಿ ಇರ್ಲಿಲ್ವಾ? ನಂಗೂ ಅವ್ನ ಮೇಲೆ ಕೋಪ ಇತ್ತು ಕಣೇ. ಕೋಪ ಇಟ್ಕೊಂಡೇ ಕಾಲರ್ ಕೂಡಿಸ್ತಿದ್ದೆ.”

ಅಕ್ಕಯ್ಯಮ್ಮನಿಗೆ ಸಿಟ್ಟು ಬಂತು. ಇಷ್ಟು ದೊಡ್ಡ ಗೆಲುವನ್ನು ತಂದು ಇವಳ ಮಡಿಲಿಗೆ ಹಾಕಿದರೆ ಹೀಗೆ ಮಾತಾಡುತ್ತಾಳಲ್ಲ ಎಂದು ಎದ್ದುಹೋಗಲು ನೆಲಕ್ಕೆ ಕೈಯೂರಿದಳು. ಶಿವಗಂಗಮ್ಮ ಅವಳ ಮೊಣಕೈ ಹಿಡಿದಳು. ಹಿಡಿತ ಬಲವಾಗಿತ್ತು.

“ಕೂತ್ಕೊ. ನಲವತ್ತು ಜನ ಅಂದ್ಯಲ್ಲ. ಅವ್ನಿಗೆ ಹೆಂಗೆ ಎಣಿಸಿ ಹೇಳಿದ್ಯೋ ಹಂಗೇ ನಂಗೂ ಹೇಳು.”

“ನೀನು” ಎಂದಳು ಅಕ್ಕಯ್ಯಮ್ಮ, ಒಂದು ಬೆರಳು ಮಡಚಿ. “ಆಮೇಲೆ ರಾಮಮ್ಮ.”

“ಬಸವೇಶ್ವರನಗರದಲ್ಲಿ ಐದು ಮನೆ ಪಾತ್ರೆ ತಿಕ್ತಾಳೆ.”

“ಚಿಕ್ಕಗಂಗಮ್ಮ.”

“ಗಾರೆ ಕೆಲ್ಸಕ್ಕೆ ಹೋಗ್ತಾಳೆ, ನಂದಿನಿ ಲೇಔಟಿಗೆ. ಮೊನ್ನೆ ಸಾರುವೆಯಿಂದ ಬಿದ್ದು ಸೊಂಟ ಹಿಡ್ಕೊಂಡಿದೆ.”

“ಅಣ್ಣಮ್ಮ.”

“ಮಗ್ಳನ್ನ ಸ್ಕೂಲ್ ಬಿಡ್ಸಿ ನನ್ ಜೊತೆ ಬತ್ತಿ ಹೊಸೆಯೋಕೆ ಕೂರಿಸಿದಾಳೆ. ಒಂಬತ್ತು ವರ್ಷ ಆ ಮಗೂಗೆ.”

“ಮುನಿಲಕ್ಷ್ಮಮ್ಮ” ಎಂದು ಐದನೆಯ ಬೆರಳು ಮಡಚಿದಳು ಅಕ್ಕಯ್ಯಮ್ಮ. ದನಿ ಸಣ್ಣಗಾಗಿತ್ತು.

“ಅವ್ಳು ಊರು ಬಿಟ್ಟು ತೌರಿಗೆ ಹೋದ್ಲು. ಹೋಗಿ ಎರಡು ತಿಂಗ್ಳೂ ಆಗಿಲ್ಲ. ಆ ನಿನ್ ಸೋಮವಾರ ಇಲ್ಲೇ ಇದ್ಲು.”

ಐದು ಬೆರಳು ಮಡಚಿದ ಕೈ ಅಕ್ಕಯ್ಯಮ್ಮನ ತೊಡೆಯ ಮೇಲೆ ಹಾಗೇ ಉಳಿಯಿತು. ಆರನೆಯ ಹೆಸರು ಬಾಯಲ್ಲಿತ್ತು, ಹೊರಗೆ ಬರಲಿಲ್ಲ. ಶಿವಗಂಗಮ್ಮ ಅವಳ ಮೊಣಕೈ ಬಿಟ್ಟು, ಒಂದು ಕಡ್ಡಿ ಎತ್ತಿಕೊಂಡು, ಮಣೆಯ ಮೇಲೆ ಹೊಸೆಯುತ್ತಾ ಹೇಳಿದಳು.

“ಹೇಳು, ನಿಲ್ಲಿಸ್ಬ್ಯಾಡ. ಇನ್ನೂ ಮೂವತ್ತೈದು ಜನ ಇದಾರೆ.”